ಪೊಜ್ನಾನಿನ ಸಂಜೆ ತರಗತಿ

ಮಾರ್ಚ್ ತಿಂಗಳಿನ ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗ, ಒಂಬತ್ತನೆಯ ತರಗತಿಯವನು, ಒಂದು ಚೀಟಿ ಹಿಡಿದು ನಮ್ಮ ಜಗಲಿಗೆ ಬಂದ. ಅದರಲ್ಲಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಒಂದು ಸಾಲು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಶಾಲಾ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು 2013ರಲ್ಲಿ ಆರಂಭಿಸಿದ ‘ಪಿಕೋಸಿಟಿಎಫ್’ ಎಂಬ ಸ್ಪರ್ಧೆಯ ಅಭ್ಯಾಸಕ್ಕಾಗಿ ಅವನು ಅದನ್ನು ಬಿಡಿಸುತ್ತಿದ್ದನಂತೆ. ಪ್ರತಿ ಅಕ್ಷರವನ್ನೂ ಹದಿಮೂರು ಮನೆ ಮುಂದಕ್ಕೆ ಸರಿಸಿ ಬರೆದಿದ್ದರು, ಅಷ್ಟೆ. ಬಾಲ್ಯದಲ್ಲಿ ಹಿರಿಯರಿಗೆ ತಿಳಿಯಬಾರದೆಂದು ನಾವು ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಕ-ಭಾಷೆ ಆಡುತ್ತಿದ್ದೆವಲ್ಲ, ಅದರ ದಾಯಾದಿ ಎನ್ನಬಹುದು. ಇಬ್ಬರೂ ಕೂಡಿ ಹತ್ತು ನಿಮಿಷದಲ್ಲಿ ಬಿಡಿಸಿದೆವು.

ಸ್ವಲ್ಪ ಹೊತ್ತಿಗೆ ಅವನ ತಂದೆಯೂ ಬಂದರು. “ಮೇಷ್ಟ್ರೇ, ಇವನಿಗೆ ನೀವಾದರೂ ಬುದ್ಧಿ ಹೇಳಿ. ಕಂಪ್ಯೂಟರಿಗೆ ಕನ್ನ ಹಾಕುವ ವಿದ್ಯೆ ಕಲಿಯುತ್ತಿದ್ದಾನೆ. ಯಾವುದೋ ದೇಶದ ಯೂನಿವರ್ಸಿಟಿಯವರು ಮಕ್ಕಳಿಗೆ ಇಂಥದ್ದು ಹೇಳಿಕೊಡುವುದುಂಟೇ?” ಎಂದರು. ಆ ಹೊತ್ತಿನಲ್ಲಿ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ವಿಶ್ವವಿದ್ಯಾಲಯಗಳು ಎಳೆಯರನ್ನು ಕರೆದು ಗುಪ್ತಲಿಪಿಯ ಬೀಗ ಒಡೆಯುವುದನ್ನು ಹೇಳಿಕೊಟ್ಟದ್ದು ಇದೇ ಮೊದಲಲ್ಲ ಎಂಬುದು ಮಾತ್ರ ನೆನಪಿಗೆ ಬಂತು. ಅದಕ್ಕೆ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅವರಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೋಲೆಂಡಿನ ಪಶ್ಚಿಮ ಭಾಗದಲ್ಲಿ ಪೊಜ್ನಾನ್ ಎಂಬ ಊರಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪೋಲೆಂಡನ್ನು ನೆರೆಯ ಮೂರು ರಾಜ್ಯಗಳು ಹಂಚಿಕೊಂಡಾಗ ಈ ಊರು ಪ್ರಷ್ಯದ ಪಾಲಾಯಿತು. ಹೀಗಾಗಿ ಮೊದಲ ಮಹಾಯುದ್ಧದ ಕೊನೆಯವರೆಗೂ ಅಲ್ಲಿನ ಮಕ್ಕಳು ಶಾಲೆಯಲ್ಲಿ ಜರ್ಮನ್ ಭಾಷೆಯಲ್ಲೇ ಓದಬೇಕಾಗಿತ್ತು. ದೇಶ ಮತ್ತೆ ಸ್ವತಂತ್ರವಾದ ಮೇಲೆ, 1919ರಲ್ಲಿ, ಅಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಪರಕೀಯರು ಹೇರಿದ ಭಾಷೆಯೇ ಮುಂದೆ ಅವರ ವಿರುದ್ಧದ ಆಯುಧವಾಗುತ್ತದೆಂದು ಆಗ ಯಾರು ತಾನೆ ಊಹಿಸಿದ್ದರು?

1929ರ ಜನವರಿಯಲ್ಲಿ ಅಲ್ಲಿನ ಗಣಿತ ಪ್ರಾಧ್ಯಾಪಕ ಜ್ದಿಸ್ಲಾವ್ ಕ್ರಿಗೋವ್‌ಸ್ಕಿ ತಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಜರ್ಮನ್ ಚೆನ್ನಾಗಿ ಬಲ್ಲ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಆರಿಸಿ ಕರೆದರು. ಪೋಲಿಷ್ ಸೇನೆಯ ಗುಪ್ತಲಿಪಿ ವಿಭಾಗ ಒಂದು ರಹಸ್ಯ ತರಗತಿ ನಡೆಸುವುದೆಂದೂ ಇಷ್ಟವಿದ್ದವರು ಸೇರಬಹುದೆಂದೂ, ಆದರೆ ಹೊರಗೆ ಬಾಯಿ ಬಿಡಕೂಡದೆಂದೂ ತಿಳಿಸಲಾಯಿತು. ವಾರಕ್ಕೆ ಎರಡು ಸಂಜೆ ಪಾಠ. ಕಲಿಸಲು ವಾರ್ಸಾದಿಂದ ಬರುತ್ತಿದ್ದವರು ಸೇನಾಧಿಕಾರಿ ಮಾಕ್ಸಿಮಿಲಿಯನ್ ಚೆನ್ಷ್ಕಿ, ಇಂಜಿನಿಯರ್ ಅಂತೋನಿ ಪಾಲ್ಲುತ್ ಮೊದಲಾದವರು. (ಈ ಹೆಸರುಗಳನ್ನು ಕನ್ನಡದಲ್ಲಿ ಬರೆಯುವುದೂ ಒಂದು ಗುಪ್ತಲಿಪಿ ಬಿಡಿಸಿದಂತೆಯೇ, ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು.) ನಡುನಡುವೆ ನಿಜವಾದ ಜರ್ಮನ್ ಸಂದೇಶಗಳನ್ನೇ ಬಿಡಿಸಲು ಕೊಡುತ್ತಿದ್ದರಂತೆ. ಕಾಲೇಜಿನ ಓದಿನ ಜೊತೆಗೆ ಇದನ್ನೂ ತೂಗಿಸಲಾರದೆ ಅನೇಕರು ಹಿಂದೆ ಬಿದ್ದರು. ಗುರಿ ಮುಟ್ಟಿದವರಲ್ಲಿ ಮೂವರ ಹೆಸರು ಇತಿಹಾಸದಲ್ಲಿ ಉಳಿದಿದೆ: ಮರಿಯನ್ ರೆಯೆವ್‌ಸ್ಕಿ, ಹೆನ್ರಿಕ್ ಜಿಗಾಲ್ಸ್ಕಿ ಮತ್ತು ಯೆಝಿ ರುಝಿತ್ಸ್ಕಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಲ್ಲಿಯವರೆಗೆ ಗುಪ್ತಲಿಪಿ ಬಿಡಿಸುವುದು ಹೆಚ್ಚಾಗಿ ಭಾಷಾಪಂಡಿತರ ಕೆಲಸವೆಂದು ಭಾವಿಸಲಾಗಿತ್ತು. ಯಂತ್ರವೊಂದು ಅಕ್ಷರಗಳನ್ನು ಹೊಸೆದು ಕಲಸಿಹಾಕುವ ಕಾಲ ಬಂದಾಗ ಭಾಷೆಯ ಜಾಡು ಅಳಿಸಿಹೋಗುತ್ತದೆ. ಉಳಿಯುವುದು ಗಣಿತದ ಜಾಡು ಮಾತ್ರ. ಪೋಲೆಂಡಿನವರಿಗೆ ಇದು ಬೇಗ ಹೊಳೆಯಿತು, ಏಕೆಂದರೆ 1920ರ ಸೋವಿಯತ್ ಯುದ್ಧದಲ್ಲೇ ಸಿಯೆರ್ಪಿನ್‌ಸ್ಕಿ, ಮಜುರ್ಕಿಯೆವಿಚ್‌ರಂಥ ಗಣಿತಜ್ಞರು ಶತ್ರುಲಿಪಿಗಳನ್ನು ಒಡೆದಿದ್ದರು. ಆದರೆ ಹೆಸರಾಂತ ಪ್ರಾಧ್ಯಾಪಕರನ್ನು ಯುದ್ಧಕಾಲದಲ್ಲಿ ಕರೆಸುವುದು ಬೇರೆ, ಇನ್ನೂ ಪದವಿ ಮುಗಿಸದ ಹುಡುಗರನ್ನು ಶಾಂತಿಕಾಲದಲ್ಲಿ ಹುಡುಕಿ ತಯಾರು ಮಾಡುವುದು ಬೇರೆ. ಎರಡನೆಯದಕ್ಕೆ ದೂರದೃಷ್ಟಿ ಬೇಕು.

ರೆಯೆವ್‌ಸ್ಕಿ ಆ ತರಗತಿಯನ್ನು ಪೂರ್ತಿ ಮುಗಿಸಲೂ ಇಲ್ಲ. ಪದವಿ ಪಡೆದೊಡನೆ ವಿಮಾಗಣಿತ ಕಲಿಯಲು ಜರ್ಮನಿಯ ಗಟಿಂಗೆನ್‌ಗೆ ಹೊರಟರು. ವಿಮಾ ಕಂಪನಿಯೊಂದರಲ್ಲಿ ನೆಮ್ಮದಿಯ ನೌಕರಿ ಹಿಡಿಯುವ ದಾರಿ ಅದು. 1930ರ ಬೇಸಿಗೆಯಲ್ಲಿ ಊರಿಗೆ ಬಂದವರಿಗೆ ಕ್ರಿಗೋವ್‌ಸ್ಕಿ ಸಹಾಯಕ ಅಧ್ಯಾಪಕನ ಹುದ್ದೆ ಕೊಡುವುದಾಗಿ ಹೇಳಿದರು. ಒಬ್ಬ ಮೇಷ್ಟ್ರು ಸರಿಯಾದ ಹೊತ್ತಿನಲ್ಲಿ ಆಡಿದ ಮಾತು! ಅಲ್ಲೇ ಉಳಿದು, ಬಿಡುವಿನಲ್ಲಿ ಗುಪ್ತಲಿಪಿ ವಿಭಾಗದ ಪೊಜ್ನಾನ್ ಶಾಖೆಯಲ್ಲೂ ದುಡಿದು, 1932ರ ಸೆಪ್ಟೆಂಬರ್ 1ರಂದು ಮೂವರು ಗೆಳೆಯರೂ ವಾರ್ಸಾದ ಕಚೇರಿಗೆ ಸೇರಿದರು. ಕೆಲವೇ ವಾರಗಳಲ್ಲಿ ರೆಯೆವ್‌ಸ್ಕಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಜೊತೆಗಾರರಿಗೂ ಹೇಳಕೂಡದೆಂದು ತಾಕೀತು ಮಾಡಿ, ಜರ್ಮನ್ ಸೇನೆಯ ‘ಎನಿಗ್ಮಾ’ ಯಂತ್ರದ ಸಂದೇಶಗಳನ್ನು ಕೈಗಿತ್ತರು.

ಆ ಯಂತ್ರದಲ್ಲಿ ಮೂರು ತಿರುಗುವ ಗಾಲಿಗಳು. ಕೀಲಿ ಒತ್ತಿದಾಗಲೆಲ್ಲ ಗಾಲಿ ಒಂದು ಹೆಜ್ಜೆ ತಿರುಗಿ ಅಕ್ಷರಗಳ ನಂಟು ಬದಲಾಗುತ್ತದೆ. ಮೂರು ಗಾಲಿಗಳನ್ನು ಆರು ಕ್ರಮಗಳಲ್ಲಿ ಜೋಡಿಸಬಹುದು, ಪ್ರತಿ ಕ್ರಮದಲ್ಲಿ 17,576 ಸ್ಥಾನಗಳು, ಒಟ್ಟು 1,05,456. ಇದು ಸಾಲದೆಂದು ಮುಂಭಾಗದಲ್ಲಿ ಅಕ್ಷರಗಳನ್ನು ಜೋಡಿಜೋಡಿಯಾಗಿ ಅದಲುಬದಲು ಮಾಡುವ ತಂತಿಗಳ ಹಲಗೆ ಬೇರೆ. ಆದರೆ ಯಂತ್ರ ಎಷ್ಟೇ ಜಾಣವಾಗಿದ್ದರೂ ಬಳಸುವವನು ಮನುಷ್ಯ ತಾನೆ? ತಪ್ಪಾಗದಿರಲೆಂದು ಜರ್ಮನರು ಪ್ರತಿ ಸಂದೇಶದ ಮೂರಕ್ಷರದ ಕೀಲಿಯನ್ನು ಎರಡು ಸಲ ಒತ್ತಿ ಕಳಿಸುತ್ತಿದ್ದರು. ಅಂದರೆ ಮೊದಲ ಆರು ಅಕ್ಷರಗಳಲ್ಲಿ ಒಂದನೆಯದೂ ನಾಲ್ಕನೆಯದೂ ಒಂದೇ ಮೂಲಾಕ್ಷರದಿಂದ ಹುಟ್ಟಿದವು.

ರೆಯೆವ್‌ಸ್ಕಿ ಹಿಡಿದುಕೊಂಡದ್ದು ಇದನ್ನೇ. ಒಂದು ದಿನದ ಹತ್ತಾರು ಸಂದೇಶಗಳನ್ನು ಕಲೆಹಾಕಿ, ಮೊದಲ ಅಕ್ಷರ ‘ಕ’ ಆದಾಗ ನಾಲ್ಕನೆಯದು ಯಾವುದು, ಅದೇ ಅಕ್ಷರ ಮೊದಲು ಬಂದಾಗ ನಾಲ್ಕನೆಯದು ಯಾವುದು ಎಂದು ಕೊಂಡಿ ಹಾಕುತ್ತ ಹೋದರೆ ಎಲ್ಲೋ ಒಂದು ಕಡೆ ಮತ್ತೆ ‘ಕ’ ಬಂದು ಸರಪಳಿ ಮುಚ್ಚಿಕೊಳ್ಳುತ್ತದೆ. ಇಂಥ ಸರಪಳಿಗಳು ಯಾವಾಗಲೂ ಸಮ ಉದ್ದದ ಜೋಡಿಗಳಲ್ಲೇ ಬರುತ್ತವೆಂದೂ, ಮುಂದಿನ ಹಲಗೆಯ ತಂತಿಗಳು ಸರಪಳಿಯ ಉದ್ದವನ್ನು ಬದಲಿಸಲಾರವೆಂದೂ ಅವರು ಕಂಡರು. ನಮ್ಮ ಊರಿನ ಕೋಲಾಟದಲ್ಲಿ ಎಂಟು ಹುಡುಗರ ಒಂದು ವೃತ್ತವಿದೆ ಎನ್ನಿ. ರಾಮನನ್ನು ಭೀಮನೆಂದೂ ಭೀಮನನ್ನು ರಾಮನೆಂದೂ ಕರೆದ ಮಾತ್ರಕ್ಕೆ ವೃತ್ತ ಹಿರಿದೂ ಆಗದು, ಕಿರಿದೂ ಆಗದು. ತಂತಿಹಲಗೆ ಮಾಡುತ್ತಿದ್ದುದು ಹೆಸರಿನ ಬದಲಾವಣೆಯನ್ನಷ್ಟೆ. ಜರ್ಮನರು ಬಹಳವಾಗಿ ನಂಬಿದ್ದ ಕಾವಲು ಈ ಒಂದು ಪ್ರಮೇಯದ ಮುಂದೆ ಕೆಲಸಕ್ಕೆ ಬಾರದಾಯಿತು. ನಲವತ್ತು ವರ್ಷ ಗಣಿತ ಕಲಿಸಿದ ನನಗೆ ಇದನ್ನು ಓದಿದಾಗಲೆಲ್ಲ ಮೈ ನವಿರೇಳುತ್ತದೆ.

ಫ್ರೆಂಚ್ ಗೂಢಚಾರರು ತಂದುಕೊಟ್ಟ ಎರಡು ತಿಂಗಳ ಕೀಲಿಪಟ್ಟಿಯೂ ನೆರವಾಯಿತು. ಉಳಿದ ಒಂದು ತೊಡಕೆಂದರೆ, ಕೀಲಿಮಣೆಯಿಂದ ಒಳಗಿನ ಗಾಲಿಗೆ ತಂತಿಗಳು ಯಾವ ಕ್ರಮದಲ್ಲಿ ಹೋಗುತ್ತವೆಂಬುದು. ಜರ್ಮನರ ಶಿಸ್ತನ್ನು ಬಲ್ಲ ರೆಯೆವ್‌ಸ್ಕಿ, ಬರೀ ವರ್ಣಮಾಲೆಯ ಕ್ರಮದಲ್ಲೇ ಇರಬಹುದೇ ಎಂದು ಊಹಿಸಿದರು. ಊಹೆ ಸರಿಯಾಗಿತ್ತು. 1932ರ ಡಿಸೆಂಬರ್ ಕಳೆಯುವಷ್ಟರಲ್ಲಿ, ಕಣ್ಣಿನಿಂದ ನೋಡದ ಯಂತ್ರದ ಒಳರಚನೆಯನ್ನು ಆ ಇಪ್ಪತ್ತೇಳರ ತರುಣ ಕಾಗದದ ಮೇಲೆ ಬರೆದಿಟ್ಟಿದ್ದರು. 1939ರ ಜುಲೈ ಕೊನೆಯಲ್ಲಿ, ಯುದ್ಧಕ್ಕೆ ಐದು ವಾರ ಮುಂಚೆ, ವಾರ್ಸಾದ ಬಳಿಯ ಪಿರಿಯಲ್ಲಿ ಪೋಲಿಷರು ಈ ವಿದ್ಯೆಯನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಧಾರೆಯೆರೆದರು. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್, ಟ್ಯೂರಿಂಗ್ ಮೊದಲಾದವರ ಕಥೆಯನ್ನು ಸಿನಿಮಾಗಳಲ್ಲಿ ನೋಡಿದವರು ಬಹಳ. ಅದರ ಬೇರು ಪೊಜ್ನಾನಿನ ಸಂಜೆ ತರಗತಿಯಲ್ಲಿದೆ ಎಂದು ಬಲ್ಲವರು ಕಡಿಮೆ.

ಆ ಹುಡುಗರಿಗೆ ಏನು ದೊರೆಯಿತು? ರುಝಿತ್ಸ್ಕಿ 1942ರ ಜನವರಿಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗು ಮುಳುಗಿ ತೀರಿಕೊಂಡರು. ಪಾಲ್ಲುತ್ ಜರ್ಮನರ ಸೆರೆಯಲ್ಲಿ 1944ರಲ್ಲಿ ಮಡಿದರು. ಜಿಗಾಲ್ಸ್ಕಿ ಇಂಗ್ಲೆಂಡಿನಲ್ಲೇ ನಿಂತು ಗಣಿತದ ಅಧ್ಯಾಪಕರಾದರು. ರೆಯೆವ್‌ಸ್ಕಿ 1946ರಲ್ಲಿ ಹೆಂಡತಿ ಮಕ್ಕಳಿದ್ದ ಬಿದ್ಗೋಷ್ಚ್ ಊರಿಗೆ ಮರಳಿದರು; ಮರುವರ್ಷ ಹನ್ನೊಂದು ವರ್ಷದ ಮಗ ಪೋಲಿಯೋಗೆ ಬಲಿಯಾದ. ಲೆಕ್ಕಪತ್ರದ ಸಾಮಾನ್ಯ ನೌಕರಿಗಳಲ್ಲಿ ದಿನ ಕಳೆಯುತ್ತ, ತಾನು ಮಾಡಿದ್ದನ್ನು ಸುಮಾರು ಕಾಲು ಶತಮಾನ ಲೋಕಕ್ಕೆ ಹೇಳದೆ ಬದುಕಿದರು. 1973ರಲ್ಲಿ ಫ್ರೆಂಚ್ ಅಧಿಕಾರಿ ಬೆರ್ಟ್ರಾಂಡ್ ಬರೆದ ಪುಸ್ತಕ ಬಂದ ಮೇಲೆ ವಿಷಯ ಹೆಚ್ಚು ಜನರಿಗೆ ತಿಳಿಯಿತು. 1980ರಲ್ಲಿ ತೀರಿಕೊಂಡರು. ದೇಶದ ದೊಡ್ಡ ಗೌರವ ಮೂವರಿಗೂ ಸಂದದ್ದು 2000ದಲ್ಲಿ, ಒಬ್ಬರೂ ಬದುಕಿಲ್ಲದಾಗ.

ಗುಟ್ಟಾಗಿದ್ದ ಈ ವಿದ್ಯೆ ಮಕ್ಕಳ ಸ್ಪರ್ಧೆಯಾಗಿ ಬಯಲಿಗೆ ಬಂದ ಬಗೆಯೂ ಸ್ವಾರಸ್ಯಕರ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಆಗಿನ ಎಳೆಯ ಅಂತರಜಾಲದಲ್ಲಿ ತಾನಾಗಿ ಹರಡುವ ಒಂದು ಪ್ರೋಗ್ರಾಮನ್ನು ಬಿಟ್ಟ. ಇಪ್ಪತ್ತಮೂರು ತುಂಬಲು ಅವನಿಗೆ ಇನ್ನೂ ಆರು ದಿನವಿತ್ತು. ಎಣಿಸಿದ್ದಕ್ಕಿಂತ ವೇಗವಾಗಿ ಹಬ್ಬಿ ಸುಮಾರು 6,000 ಯಂತ್ರಗಳು ಕುಸಿದವೆಂದು ಅಂದಿನ ಅಂದಾಜು. ಅವನ ತಂದೆ ಸರ್ಕಾರದ ಕಂಪ್ಯೂಟರ್ ಸುರಕ್ಷಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ! ನ್ಯಾಯಾಲಯ ಅವನಿಗೆ ಮೂರು ವರ್ಷದ ನಿಗಾ, 400 ಗಂಟೆಗಳ ಸಮುದಾಯ ಸೇವೆ, ಜೊತೆಗೆ ದಂಡ ವಿಧಿಸಿತು, ಸೆರೆಗೆ ಕಳಿಸಲಿಲ್ಲ. ಮುಂದೆ ಆತ ಎಂಐಟಿಯಲ್ಲಿ ಪ್ರಾಧ್ಯಾಪಕನಾದ. ಆ ಹಾವಳಿಯ ಬೆನ್ನಿಗೇ ಇಂಥ ಆಪತ್ತುಗಳಲ್ಲಿ ನೆರವಾಗಲೆಂದು ಒಂದು ತಂಡ ಹುಟ್ಟಿತು; ಹುಟ್ಟಿದ್ದು ಕಾರ್ನೆಗಿ ಮೆಲನ್‌ನಲ್ಲಿ. ಇಪ್ಪತ್ತೈದು ವರ್ಷಗಳ ನಂತರ ನಮ್ಮ ಬೀದಿಯ ಹುಡುಗನಂಥವರಿಗಾಗಿ ಒಗಟು ಕಟ್ಟಲು ಕುಳಿತದ್ದೂ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಬ್ರಮ್ಲಿ ಮತ್ತು ಅವರ ಶಿಷ್ಯರು.

ಇದಕ್ಕೆ ‘ಬಾವುಟ ಹಿಡಿಯುವ ಆಟ’ ಎಂದು ಹೆಸರು. ಸ್ಪರ್ಧೆಗೆಂದೇ ಕಟ್ಟಿದ, ಬೇಕೆಂದೇ ದೋಷವಿಟ್ಟ ಪ್ರೋಗ್ರಾಮುಗಳಲ್ಲಿ ಒಂದು ಗುಪ್ತವಾಕ್ಯ ಅಡಗಿರುತ್ತದೆ, ಅದೇ ಬಾವುಟ. ಹುಡುಕಿ ತಂದವರಿಗೆ ಅಂಕ. ಹದಿಮೂರು ವರ್ಷ ದಾಟಿದವರು ಕಾಸು ಕೊಡದೆ ಭಾಗವಹಿಸಬಹುದು. ನಮ್ಮ ದೇಶದಲ್ಲಿ ಕೇರಳದ ಅಮೃತಪುರಿಯ ಅಮೃತ ವಿಶ್ವವಿದ್ಯಾಲಯ 2010ರಿಂದ ‘ಇನ್‌ಸಿಟಿಎಫ್’ ನಡೆಸಿತು. ಮುಂದೆ ಶಾಲಾ ಮಕ್ಕಳಿಗೂ ಅದರ ಕಿರಿಯರ ವಿಭಾಗ ಬಂತು. ಕರ್ನಾಟಕ ಸರ್ಕಾರದ ಸೈಬರ್ ಸುರಕ್ಷಾ ಕೇಂದ್ರಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಆಸರೆಯಾಗಿ ನಿಂತದ್ದೂ ಈ ಸಾಲಿಗೆ ಸೇರಿದ ಸಂಗತಿ.

ಹುಡುಗನ ತಂದೆಯ ಭಯ ಸುಳ್ಳಲ್ಲ. ಪರರ ಕಂಪ್ಯೂಟರನ್ನು ಅನುಮತಿಯಿಲ್ಲದೆ ಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಕಲಮುಗಳು ಅನ್ವಯಿಸುತ್ತವೆ. ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಗರಡಿಯಲ್ಲಿ ಹಾಕಿದ ಪಟ್ಟನ್ನು ಬೀದಿಯಲ್ಲಿ ಹಾಕಿದರೆ ಅಪರಾಧ. ಹಾಗೆಂದು ಗರಡಿಯನ್ನೇ ಮುಚ್ಚಿದರೆ ಪಟ್ಟು ಕಲಿಯುವ ಹುಡುಗ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಕಾರಣವಿದೆ. 2002ರಲ್ಲಿ ನಾನಿದ್ದ ಪ್ರೌಢಶಾಲೆಗೆ ನಾಲ್ಕು ಕಂಪ್ಯೂಟರುಗಳು ಬಂದವು. ಹತ್ತನೆಯ ತರಗತಿಯ ಹುಡುಗನೊಬ್ಬ ಅಂಕಪಟ್ಟಿ ಇಟ್ಟಿದ್ದ ಕಂಪ್ಯೂಟರಿನ ಗುಪ್ತಪದವನ್ನು ಊಹಿಸಿ ತೆರೆದ. ಊಹಿಸುವುದು ಕಷ್ಟವೂ ಆಗಿರಲಿಲ್ಲ, ಅದು ಶಾಲೆಯ ಹೆಸರೇ ಆಗಿತ್ತು. ಒಂದು ಅಂಕವನ್ನೂ ಅವನು ತಿದ್ದಿರಲಿಲ್ಲ. “ಸಾರ್, ಇದನ್ನು ಯಾರು ಬೇಕಾದರೂ ತೆಗೆಯಬಹುದು, ಬದಲಾಯಿಸಿ” ಎಂದು ನನ್ನಲ್ಲಿಗೇ ಬಂದು ಹೇಳಿದ. ನಾನು ಅವನನ್ನು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಿಸಿದೆ. ತಂದೆಯನ್ನು ಕರೆಸಿದರು, ಅವರು ಎಲ್ಲರೆದುರು ಮಗನ ಕೆನ್ನೆಗೆ ಹೊಡೆದರು. ಆ ವರ್ಷ ಮುಗಿಯುವವರೆಗೆ ಅವನು ಕಂಪ್ಯೂಟರ್ ಕೋಣೆಗೆ ಕಾಲಿಡಲಿಲ್ಲ. ಗುಪ್ತಪದವನ್ನೂ ನಾವು ಬದಲಾಯಿಸಲಿಲ್ಲ.

ಮೊನ್ನೆ ಬೀದಿಯ ಕೊನೆಯ ಮನೆಗೆ ನಾನೇ ಹೋಗಿದ್ದೆ. ತಂದೆಗೆ ಪೊಜ್ನಾನಿನ ಕಥೆ ಹೇಳಿದೆ. ನನ್ನ ಶಾಲೆಯ ಕಥೆಯನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಪರೀಕ್ಷೆ ಮುಗಿಯಲಿ ಮೇಷ್ಟ್ರೇ, ಆಮೇಲೆ ನೋಡೋಣ” ಎಂದರು. ಹುಡುಗ ಒಳಗಿನಿಂದ ನೋಟ್‌ಬುಕ್ಕು ತಂದು, ಆ ಕೋಲಾಟದ ಲೆಕ್ಕವನ್ನು ಇನ್ನೊಂದು ಸಲ ಹೇಳಿಕೊಡಿ ಎಂದ.