ಮರ್ಕಂಜ ಭಾಗದಿಂದ ಕುಕ್ಕೆ ಸುಬ್ರಹ್ಮಣ್ಯ ಮತ್ತು ಕುಮಾರಪರ್ವತಕ್ಕೆ ಪ್ರವಾಸ: ಸಾರ್ವಜನಿಕರಿಗೆ ಮಾಹಿತಿ

ದಕ್ಷಿಣ ಕನ್ನಡ ಜಿಲ್ಲೆ ಸುಳ್ಯ ತಾಲ್ಲೂಕಿನ ಮರ್ಕಂಜ ಗ್ರಾಮವು ಪಶ್ಚಿಮ ಘಟ್ಟದ ತಪ್ಪಲಿನಲ್ಲಿದೆ. ಈ ಭಾಗದ ನಿವಾಸಿಗಳು ಹಾಗೂ ಇಲ್ಲಿಗೆ ಬರುವ ಬಂಧುಮಿತ್ರರು ಹೆಚ್ಚಾಗಿ ಕೈಗೊಳ್ಳುವ ಪ್ರವಾಸಗಳೆಂದರೆ ಕುಕ್ಕೆ ಸುಬ್ರಹ್ಮಣ್ಯದ ಯಾತ್ರೆ, ಕುಮಾರಪರ್ವತದ ಚಾರಣ ಮತ್ತು ತೊಡಿಕಾನ ಕ್ಷೇತ್ರದ ಭೇಟಿ. ಸುಬ್ರಹ್ಮಣ್ಯವು ಹಿಂದೆ ಸುಳ್ಯ ತಾಲ್ಲೂಕಿಗೆ ಸೇರಿದ್ದು, ಈಗ ಕಡಬ ತಾಲ್ಲೂಕಿನಲ್ಲಿರುತ್ತದೆ. ಹಳೆಯ ದಾಖಲೆಗಳನ್ನು ನೋಡಿ ಅರ್ಜಿ ಬರೆಯುವವರು ಇದನ್ನು ಗಮನಿಸತಕ್ಕದ್ದು.

ಚಾರಣಕ್ಕೆ ಅನುಮತಿ

ಕುಮಾರಪರ್ವತವು (1,712 ಮೀಟರ್) ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ. ಈ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. 2024ರ ಜನವರಿಯ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಸಾವಿರಾರು ಜನರು ಏಕಕಾಲಕ್ಕೆ ಬೆಟ್ಟವನ್ನೇರಲು ಬಂದ ಪರಿಣಾಮ, ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಚಾರಣ ಪಥಗಳನ್ನು ಸರ್ಕಾರವು ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣವು ಆರಂಭಗೊಂಡು, ದಿನವೊಂದಕ್ಕೆ ಒಂದು ಪಥದಲ್ಲಿ 300 ಜನರ ಮಿತಿಯನ್ನು ನಿಗದಿಪಡಿಸಲಾಯಿತು.

ಅನುಮತಿಯನ್ನು ಸದರಿ ಜಾಲತಾಣದ ಮೂಲಕವೇ ಪಡೆಯಬೇಕು. ಅರ್ಜಿ ಸಲ್ಲಿಸುವವರು ತಂಡದ ಪ್ರತಿಯೊಬ್ಬರ ಸರ್ಕಾರಿ ಗುರುತಿನ ಚೀಟಿಯ ವಿವರವನ್ನು ಸಿದ್ಧವಿಟ್ಟುಕೊಳ್ಳುವುದು ಉತ್ತಮ. ಮಳೆಗಾಲದಲ್ಲಿ ಪಥವನ್ನು ಮುಚ್ಚಲಾಗುತ್ತದೆ. ಅಪೇಕ್ಷಿತ ದಿನದ ಮಿತಿ ಭರ್ತಿಯಾಗಿದ್ದಲ್ಲಿ, ವಾರದ ನಡುವಿನ ದಿನವನ್ನು ಆಯ್ಕೆ ಮಾಡಿಕೊಳ್ಳುವುದೇ ಸರಿಯಾದ ಮಾರ್ಗ. “ಅಲ್ಲಿಗೆ ಹೋದರೆ ಹೇಗೋ ಆಗುತ್ತದೆ” ಎಂದು ಹೊರಟು ಚೆಕ್‌ಪೋಸ್ಟ್‌ನಲ್ಲಿ ಸಿಬ್ಬಂದಿಯೊಡನೆ ವಾದಕ್ಕಿಳಿಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಪರಿಚಯಸ್ಥರ ನೆರವಿನಿಂದ ಒಳದಾರಿಯಲ್ಲಿ ಪ್ರವೇಶಿಸುವುದು ಅರಣ್ಯ ಅಪರಾಧವಾಗುವುದಲ್ಲದೆ, ಇದು ಆನೆಗಳ ಸಂಚಾರವಿರುವ ಕಾಡಾದ್ದರಿಂದ ಪ್ರಾಣಾಪಾಯಕ್ಕೂ ಎಡೆಯಾದೀತು.

ನದಿ ನೀರು

ಕುಮಾರಧಾರಾ ನದಿಯು ಇದೇ ಬೆಟ್ಟಗಳಲ್ಲಿ ಹುಟ್ಟಿ ಸುಬ್ರಹ್ಮಣ್ಯದ ಸ್ನಾನಘಟ್ಟವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಆ ನೀರೇ ಮುಂದೆ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಸಂಗ್ರಹಗೊಂಡು ಮಂಗಳೂರು ನಗರದ ಮನೆಗಳಿಗೆ ಕುಡಿಯುವ ನೀರಾಗಿ ಸರಬರಾಜಾಗುತ್ತದೆ. ಸ್ನಾನಘಟ್ಟದಲ್ಲಿ ಬಳಸಿದ ಶಾಂಪೂ ಮತ್ತು ಅದರ ಖಾಲಿ ಪೊಟ್ಟಣ ಎರಡೂ ಇದೇ ದಾರಿಯನ್ನು ಹಿಡಿಯುತ್ತವೆ. ನದಿತೀರದ ತೀರ್ಥಕ್ಷೇತ್ರಗಳಲ್ಲಿ ನದಿಯಿಂದ 500 ಮೀಟರ್ ವ್ಯಾಪ್ತಿಯೊಳಗೆ ಸಾಬೂನು, ಶಾಂಪೂ ಮಾರಾಟವನ್ನು ನಿರ್ಬಂಧಿಸುವಂತೆಯೂ, ಭಕ್ತರು ಬಟ್ಟೆಗಳನ್ನು ನೀರಿನಲ್ಲಿ ಬಿಡುವುದನ್ನು ತಡೆಯುವಂತೆಯೂ 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ತೀರ್ಥಸ್ನಾನಕ್ಕೆ ಸಾಬೂನಿನ ಅಗತ್ಯವಿಲ್ಲವೆಂಬುದನ್ನು ಹಿರಿಯರು ಬಲ್ಲರು.

ತೊಡಿಕಾನದ ಮತ್ಸ್ಯತೀರ್ಥದಲ್ಲಿ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬರಲಾಗಿದೆ. ಅಲ್ಲಿ ಮೀನುಗಳಿಗೆ ಅಕ್ಕಿ ಹಾಕುವವರು ಅಕ್ಕಿಯ ಪ್ಲಾಸ್ಟಿಕ್ ಕವರನ್ನು ಮರಳಿ ಒಯ್ಯಬೇಕು. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು 2016ರಿಂದಲೇ ನಿಷೇಧಿಸಲಾಗಿದೆ.

ಪ್ರಯಾಣ

ಮರ್ಕಂಜದಂತಹ ಒಳನಾಡಿನ ಗ್ರಾಮಗಳ ರಸ್ತೆಗಳು ಕಿರಿದಾಗಿದ್ದು, ತಿರುವುಗಳಲ್ಲಿ ಕಾರು ನಿಲ್ಲಿಸಿದರೆ ಬಸ್ಸಿಗೂ ಆಂಬುಲೆನ್ಸಿಗೂ ದಾರಿಯಿರುವುದಿಲ್ಲ. ಆದ್ದರಿಂದ ಸಾಧ್ಯವಿದ್ದವರು ಬಸ್ಸಿನಲ್ಲಿ ಪ್ರಯಾಣಿಸುವುದು ಸೂಕ್ತ. ರಾಜ್ಯದ ನಿವಾಸಿ ಮಹಿಳೆಯರು 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ವಯ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಐರಾವತ, ರಾಜಹಂಸ ಮುಂತಾದ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಬೆಂಗಳೂರು ಕಡೆಯಿಂದ ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಚಂಪಾಷಷ್ಠಿಯ ಸಮಯದಲ್ಲಿ ವಿಪರೀತ ಜನಸಂದಣಿಯಿರುವುದರಿಂದ ಕೇವಲ ದರ್ಶನ ಅಥವಾ ಚಾರಣ ಬಯಸುವವರು ಬೇರೆ ದಿನವನ್ನು ನೋಡಿಕೊಳ್ಳಬಹುದು.

ಅರಣ್ಯ ಸಂಬಂಧಿತ ದೂರುಗಳಿಗೆ ಸಹಾಯವಾಣಿ 1926, ತುರ್ತು ಸಂದರ್ಭಗಳಲ್ಲಿ 112. ಕಾಡಿನೊಳಗೆ ಮೊಬೈಲ್ ಸಂಪರ್ಕವನ್ನು ನಂಬಿ ಹೊರಡುವಂತಿಲ್ಲವಾದ್ದರಿಂದ, ಹಿಂದಿರುಗುವ ಸಮಯವನ್ನು ಮನೆಯವರಿಗೆ ಮೊದಲೇ ತಿಳಿಸತಕ್ಕದ್ದು.