ಸೂಳೆಕೆರೆಯ ಶಾಂತವ್ವನ ತವರು

ಹರಿಹರದ ಬಳಿ ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುತ್ತದೆ. ಆ ಊರಿನ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದವರು ಯಾರೆಂಬ ಪ್ರಶ್ನೆಗೆ ಕಲ್ಲೇ ಉತ್ತರ ಕೊಡುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಅದನ್ನು 1224ರಲ್ಲಿ ಕಟ್ಟಿಸಿದ; 1268ರಲ್ಲಿ ಸೋಮ ದಂಡನಾಯಕ ಮಹಾದ್ವಾರ ಎತ್ತಿಸಿದ. ಅದೇ ಹೊಳೆಯನ್ನು ಹಿಡಿದು ಮೇಲಕ್ಕೆ ಹೋದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸಿಗುತ್ತದೆ. ದೇವಾಲಯಕ್ಕಿಂತ ಎಷ್ಟೋ ಪಾಲು ದೊಡ್ಡ ಕೆಲಸ ಅದು. ಅದನ್ನು ಕಟ್ಟಿಸಿದವಳು ಶಾಂತವ್ವ ಎಂದು ಸೀಮೆಯೆಲ್ಲ ಹೇಳುತ್ತದೆ. ಆದರೆ ಆಕೆ ಯಾರ ಮಗಳು, ಯಾವ ಮನೆತನದವಳು ಎಂದು ಹುಡುಕಹೊರಟವರು ಇದುವರೆಗೆ ನೆಚ್ಚಿಕೊಂಡಿರುವುದು ಒಂದು ಕಥೆಯನ್ನು. ಆ ಕಥೆಯನ್ನು ಓದುವ ಕ್ರಮವೇ ಬದಲಾಗಬೇಕು ಎಂಬುದು ಈ ಲೇಖನದ ವಾದ.

ಮೊದಲು ಕೆರೆಯನ್ನು ನೋಡೋಣ. ಬೆಟ್ಟಸಾಲಿನ ನಡುವೆ ಹರಿದ್ರೆ ಹಾದುಹೋಗುತ್ತಿದ್ದ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಏರಿ ಹಾಕಿದ್ದಾರೆ. ಏರಿಯ ಉದ್ದ ಹೆಚ್ಚಿಲ್ಲ, ಸುಮಾರು 950 ಅಡಿ. ಅಗಲವೂ ಗಟ್ಟಿತನವೂ ಮಾತ್ರ ಬೆರಗು ಹುಟ್ಟಿಸುವಂಥವು. ಇಷ್ಟು ಮೋಟಾದ ಏರಿಯಿಂದ ಇಷ್ಟು ವಿಶಾಲವಾದ ನೀರನ್ನು ಹಿಡಿದು ನಿಲ್ಲಿಸಬಹುದಾದ ಜಾಗವನ್ನು ಆರಿಸಿದವರಿಗೆ ನೆಲದ ಏರುತಗ್ಗು ಅಂಗೈರೇಖೆಯಂತೆ ಗೊತ್ತಿದ್ದಿರಬೇಕು. ಕೆರೆಯ ಅಂಚಿನ ಸುತ್ತಳತೆ 40 ಮೈಲಿ ಎಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಲ್ಲಿ ನೀರು ಇಳಿದು ಗದ್ದೆ ತೋಟಗಳಿಗೆ ಹೋಗುತ್ತದೆ. ಇಂದು ಚಿತ್ರದುರ್ಗದ ಜನ ಕುಡಿಯುವ ನೀರಿಗೂ ಇದೇ ಕೆರೆ ಮೂಲ. ಕೆರೆ ಹನ್ನೊಂದು ಅಥವಾ ಹನ್ನೆರಡನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಶಾಂತಿಸಾಗರ ಎಂಬ ಹೆಸರು ಈಚಿನದು.

ಇನ್ನು ಕಥೆ. ಸ್ವರ್ಗಾವತಿ ಎಂಬ ಪಟ್ಟಣದಲ್ಲಿ ವಿಕ್ರಮರಾಯನೆಂಬ ಅರಸನಿದ್ದ. ಅವನ ಮಗಳು ಶಾಂತವ್ವ ಸಿದ್ಧೇಶ್ವರನೆಂಬಾತನನ್ನು ಮೆಚ್ಚಿ ಹೋದಳು. ತಂದೆ ಸಿಟ್ಟಾಗಿ ಆಡಬಾರದ ಮಾತು ಆಡಿದ. ಆಕೆ ಕೆರೆ ಕಟ್ಟಿಸುವ ಸಂಕಲ್ಪ ಮಾಡಿದಳು. ಕೆರೆಯಂಗಳಕ್ಕೆ ಬೇಕಾದ ನೆಲ ವೇಶ್ಯೆಯರ ಒಡೆತನದಲ್ಲಿತ್ತು. ಕೆರೆಗೆ ತಮ್ಮ ಹೆಸರಿಡುವುದಾದರೆ ನೆಲ ಬಿಟ್ಟುಕೊಡುತ್ತೇವೆ ಎಂದು ಅವರು ಕರಾರು ಹಾಕಿದರು, ಶಾಂತವ್ವ ಒಪ್ಪಿದಳು. ಇದು ಒಂದು ಪಾಠ. ಇನ್ನೊಂದು ಪಾಠದಲ್ಲಿ ಈ ಹೆಂಗಸರಿಲ್ಲ. ಅರಸನ ಮಗಳೇ ತನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಿದಳು, ಹೆಸರು ಆಕೆಗೆ ತಗುಲಿದ ಕಳಂಕದಿಂದ ಬಂತು ಎನ್ನುತ್ತದೆ ಅದು. ರೈಸ್ ಬರೆದುಕೊಂಡದ್ದು ಹೆಚ್ಚುಕಡಿಮೆ ಈ ಎರಡನೆಯ ಬಗೆಯದು. ಅಚ್ಚಾದ ಪುಸ್ತಕಗಳಲ್ಲಿ ಅದೇ ಮುಂದೆ ಬಂದಿದೆ.

ನನಗೆ ಮೊದಲ ಪಾಠ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಪ್ರಾಯಶ್ಚಿತ್ತದ ಕಥೆಯನ್ನು ಯಾವ ಕೆರೆಗೆ ಬೇಕಾದರೂ ಅಂಟಿಸಬಹುದು. ನೆಲದ ಒಡೆತನ ಯಾರದು, ಅದನ್ನು ಬಿಟ್ಟುಕೊಡಲು ಅವರು ಕೇಳಿದ್ದೇನು ಎಂಬ ವಿವರ ಹಾಗಲ್ಲ. ಅದರಲ್ಲಿ ದಾನಶಾಸನದ ಜಾಯಮಾನವಿದೆ. ಕೊಟ್ಟವರು, ಪಡೆದವರು, ಷರತ್ತು, ಮೂರೂ ಅಲ್ಲಿವೆ. ಮುಜುಗರ ತರುವ ವಿವರವೊಂದು ತಲೆಮಾರುಗಳ ಬಾಯಿಂದ ಬಾಯಿಗೆ ಸಾಗಿಯೂ ಅಳಿಯದೆ ಉಳಿದಿದ್ದರೆ, ಅದರ ಬುಡದಲ್ಲಿ ನಿಜದ ತಿರುಳಿರುವ ಸಂಭವ ಹೆಚ್ಚು.

ಮನೆತನ ಹುಡುಕುವವರು ಮೊದಲು ತಂದೆಯ ಕಡೆ ಹೋಗುತ್ತಾರೆ. ವಿಕ್ರಮರಾಯನನ್ನು ಹಿಡಿದರೆ ಶಾಂತವ್ವ ಸಿಕ್ಕಳು ಎಂಬುದು ಅವರ ಲೆಕ್ಕ. ಆದರೆ ಈ ಸೀಮೆಯನ್ನು ಆಳಿದವರ ಹೆಸರುಗಳು ಶಾಸನಗಳಿಂದ ಗೊತ್ತಿರುವಂಥವೇ. ಕಲ್ಯಾಣದ ಚಾಲುಕ್ಯರು ಸಾರ್ವಭೌಮರು. ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ಈ ನಾಡನ್ನು ಅವರ ಕೈಕೆಳಗೆ ಆಳಿದವರು ಉಚ್ಚಂಗಿಯ ಪಾಂಡ್ಯರು. ಆಮೇಲೆ ಬಂದವರು ಹೊಯ್ಸಳರು, ಸೇವುಣರು. ಸ್ವರ್ಗಾವತಿಯಿಂದ ಆಳಿದ ವಿಕ್ರಮರಾಯನಿಗೆ ಈ ವಂಶಾವಳಿಗಳಲ್ಲಿ ಜಾಗವಿಲ್ಲ. ಆ ಹೆಸರಿಗೆ ಬೇರೊಂದು ಮೂಲವಿರಬಹುದು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಹೆಸರಿನ ಚಾಲುಕ್ಯ ವಿಕ್ರಮ ಶಕೆಯನ್ನು ಶುರುಮಾಡಿದ. 1126ರವರೆಗಿನ ಅವನ ಆಳಿಕೆಯುದ್ದಕ್ಕೂ ಕನ್ನಡ ನಾಡಿನ ಕಲ್ಲುಗಳ ಮೇಲೆ ಕಾಲ ಹೇಳುವಾಗ ವಿಕ್ರಮ ಎಂಬ ಹೆಸರು ಮೂಡುತ್ತಲೇ ಇತ್ತು. ಕೆರೆಯ ಕಾಲವೂ ಇದಕ್ಕೆ ಹೊಂದುತ್ತದೆ. ಕೆರೆ ವಿಕ್ರಮನ ಕಾಲದ್ದು ಎಂಬ ನೆನಪು ಕ್ರಮೇಣ ಕೆರೆ ಕಟ್ಟಿಸಿದವಳು ವಿಕ್ರಮನ ಮಗಳು ಎಂದು ಮಾರ್ಪಟ್ಟಿರಬಹುದು. ಇದು ನನ್ನ ಊಹೆ. ಊಹೆಯೆಂದೇ ಓದುಗರು ತೆಗೆದುಕೊಳ್ಳಬೇಕು. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ: ದೊಡ್ಡ ಕೆಲಸ ಮಾಡಿದ ಹೆಣ್ಣಿಗೆ ಅರಸನೊಬ್ಬನನ್ನು ತಂದೆಯಾಗಿ ಜೋಡಿಸುವುದು ನಮ್ಮ ಸ್ಥಳಪುರಾಣಗಳ ಹಳೆಯ ಚಾಳಿ. ಆ ಜೋಡಣೆಯನ್ನೇ ವಂಶಾವಳಿ ಎಂದು ನಂಬಿದರೆ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ.

ತಾಯಿಯ ಕಡೆಯ ದಾರಿ ಹಾಗಲ್ಲ. ಬಾದಾಮಿಯ ಬಳಿ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಎಂದರೆ 696ರಿಂದ 733ರ ನಡುವಣ, ಕನ್ನಡ ಶಾಸನವೊಂದಿದೆ. ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನು ಪ್ರಕಟಿಸಿದರು. ಅರಸನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆ ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಏರಿಸಿ, ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಆಕೆಯನ್ನು ಪರಿಚಯಿಸುವ ರೀತಿಯನ್ನು ಗಮನಿಸಬೇಕು. ಅಜ್ಜಿ ರೇವಮಂಚಳು, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ಮೂರು ತಲೆಮಾರು, ಮೂವರೂ ಹೆಂಗಸರು. ತಂದೆಯ ಹೆಸರಾಗಲಿ ಅಜ್ಜನ ಹೆಸರಾಗಲಿ ಇಲ್ಲ. ಇಂದು ಬೈಗುಳವಾಗಿರುವ ‘ಸೂಳೆ’ ಎಂಬ ಮಾತು ಆಕೆಯ ಗುರುತಾಗಿ ಅದೇ ಕಲ್ಲಿನ ಮೇಲೆ ನಿಂತಿದೆ, ಯಾವ ಕೀಳರಿಮೆಯೂ ಇಲ್ಲದೆ. ಅರಮನೆ ದೇವಾಲಯಗಳ ಜತೆ ನಂಟಿದ್ದ, ಆಸ್ತಿಯುಳ್ಳ ಈ ಹೆಂಗಸರಿಗೆ ಮನೆತನವೆಂದರೆ ತಾಯಿಯಿಂದ ಮಗಳಿಗೆ ಇಳಿಯುವುದು. ಅರಸನಂಥ ಅರಸನ ಕಾಲದಲ್ಲಿ, ಅವನ ಒಲವಿನವಳೇ ಕೆತ್ತಿಸಿದ ಕಲ್ಲಿನಲ್ಲಿ ಆ ಕ್ರಮ ಉಳಿದುಬಂದಿದೆ.

ಇದನ್ನು ಮುಂದಿಟ್ಟುಕೊಂಡು ಸೂಳೆಕೆರೆಯ ಮೊದಲ ಪಾಠವನ್ನು ಮತ್ತೆ ಓದಿದರೆ, ಕೆರೆಯಂಗಳದ ನೆಲ ಹೆಂಗಸರ ಸಮುದಾಯವೊಂದರ ಕೈಯಲ್ಲಿತ್ತು ಎಂಬುದು ವಿಚಿತ್ರವೆನಿಸುವುದಿಲ್ಲ. ಶಾಂತವ್ವ ಅವರಿಂದ ನೆಲ ಪಡೆದ ಹೊರಗಿನವಳೋ, ಅವರಲ್ಲೇ ಒಬ್ಬಳೋ ಎಂಬುದೇ ನಿಜವಾದ ಪ್ರಶ್ನೆ. ಅವರಲ್ಲೇ ಒಬ್ಬಳು, ಬಹುಶಃ ಅವರ ಮುಂದಾಳು ಎಂದು ನಾನು ಭಾವಿಸುತ್ತೇನೆ. ಹೊರಗಿನ ರಾಜಕುವರಿಯಾಗಿದ್ದರೆ ಕೆರೆಗೆ ಅರಸನ ಹೆಸರೋ ಅರಮನೆಯ ಹೆಸರೋ ಅಂಟಿಕೊಳ್ಳುತ್ತಿತ್ತು. ಅಂಟಿಕೊಂಡದ್ದು ಆ ಹೆಂಗಸರ ಹೆಸರು.

ತಾಯಿಯ ಕಡೆಯ ಮನೆತನವನ್ನು ಬರೆಯುವುದು ಆ ಹೆಂಗಸರದೊಂದೇ ಪದ್ಧತಿಯೂ ಆಗಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಸಾವು ಕೇಳಿ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ತಿಂಗಳ ಕಾಲ ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಅಲ್ಲಿನ ಕಲ್ಲು ಮಾಚಿಕಬ್ಬೆಯ ತಂದೆ ದಂಡನಾಯಕ ಬಲದೇವ, ತಾಯಿ ಬಾಚಿಕಬ್ಬೆ, ಬಲದೇವನ ತಂದೆ ನಾಗವರ್ಮ, ತಾಯಿ ಚಂದಿಕಬ್ಬೆ ಎಂದು ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ. ತಾಯಿಯ ಬಳಗ ಜೈನ. ಪಟ್ಟದರಸಿಯ ತವರಿನ ಬಗ್ಗೆ ನಮಗಿರುವ ಅತ್ಯಂತ ವಿವರವಾದ ತಿಳಿವಳಿಕೆ ಬಂದಿರುವುದು ಗಂಡನ ವಂಶದ ಪ್ರಶಸ್ತಿಯಿಂದಲ್ಲ, ತಾಯಿಯ ಸಾವಿನ ಕಲ್ಲಿನಿಂದ.

ಶಾಸನದ ಕಾಲ ದಾಟಿ ಈಚೆಗೆ ಬಂದರೆ ಈ ಸೌಕರ್ಯ ಕಡಿಮೆಯಾಗುತ್ತದೆ. ದಾವಣಗೆರೆ, ಹರಿಹರ ಸೀಮೆಯ ಹಳ್ಳಿಗಳಲ್ಲಿ ವಂಶಾವಳಿ ಹೇಳುವವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ, ಗಂಟೆ ಬಾರಿಸುತ್ತ ಬಂದು ತಮ್ಮ ಹೊತ್ತಿಗೆ ಬಿಚ್ಚಿ ಮನೆತನದ ಮೂಲ ಸ್ಥಳ, ಬೆಡಗು, ಯಾವ ಊರಿಂದ ಯಾವ ಊರಿಗೆ ಬಂದರು ಎಂಬುದನ್ನೆಲ್ಲ ಒಪ್ಪಿಸುತ್ತಾರೆ. ಕಾಳು, ಬಟ್ಟೆ, ಕಾಣಿಕೆ ಪಡೆದು ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಬರಹದ ದಫ್ತರವೇ ಇಲ್ಲದಿದ್ದ ಸಾವಿರಾರು ಒಕ್ಕಲು ಮನೆತನಗಳಿಗೆ ಚರಿತ್ರೆ ಉಳಿಸಿಕೊಟ್ಟ ಈ ಜನಕ್ಕೆ ನಾವು ಋಣಿಗಳು. ಆದರೆ ಅವರ ಹೊತ್ತಿಗೆ ನಡೆಯುವುದು ಗಂಡುಮಕ್ಕಳ ಸಾಲಿನಲ್ಲಿ. ಮಗಳು ಮದುವೆಯಾದ ಮೇಲೆ ಗಂಡನ ಬೆಡಗಿಗೆ ಸೇರುತ್ತಾಳೆ. ಅವಳನ್ನು ಹುಡುಕಬೇಕಾದರೆ ಎರಡು ಮನೆಗಳ ಹೆಳವರ ಹೊತ್ತಿಗೆಗಳನ್ನು ಎದುರುಬದುರಿಟ್ಟು ಊರು, ತಲೆಮಾರು, ಬೀಗತನ ತಾಳೆ ನೋಡಬೇಕು. ಆ ಕೆಲಸ ನಮ್ಮಲ್ಲಿ ನಡೆದಿರುವುದು ತೀರ ಕಡಿಮೆ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಎಂಬುದಕ್ಕೆ ಕೆನಡಾದ ಅಕೇಡಿಯಾ ಒಳ್ಳೆಯ ನಿದರ್ಶನ. ಹದಿನೇಳನೆಯ ಶತಮಾನದಲ್ಲಿ ಫ್ರೆಂಚರು ಅಲ್ಲಿ ನೆಲೆಯೂರಿದರು. 1671ರ ಅಲ್ಲಿನ ಜನಗಣತಿ ಹೆಂಡತಿಯರನ್ನು ತವರಿನ ಅಡ್ಡಹೆಸರಿನಿಂದಲೇ ಬರೆದುಕೊಂಡಿದೆ. ಮೊದಲ ತಲೆಮಾರಿನ ತಾಯಂದಿರಲ್ಲಿ ಯಾರು ಯುರೋಪಿನಿಂದ ಬಂದವರು, ಯಾರು ಅಲ್ಲಿನ ಮೂಲನಿವಾಸಿ ಮಿಕ್‌ಮಾಕ್ ಜನದವರು ಎಂಬ ಚರ್ಚೆಯನ್ನು ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ ನೋಡಿ ತೀರ್ಮಾನಿಸುತ್ತಿದ್ದಾರೆ. ಅದಕ್ಕೆ ಮಗಳಿಂದ ಮಗಳಿಗೆ ಬಂದ ಸಾಲು ಇಂದಿನವರೆಗೆ ಗೊತ್ತಿರಬೇಕು. ಅಂಥ ಸಾಲು ಸಿಗದ, ಎಂಟುನೂರು, ಒಂಬೈನೂರು ವರ್ಷ ಹಿಂದಿನ ಶಾಂತವ್ವನ ಮಟ್ಟಿಗೆ ಕಲ್ಲು ಮತ್ತು ನೆಲವೇ ಸಾಕ್ಷಿ ನುಡಿಯಬೇಕು.

ಆ ಸಾಕ್ಷಿಯನ್ನು ಒಟ್ಟಿಗೆ ಓದದೆ ಇರುವುದಕ್ಕೆ ಒಂದು ಆಡಳಿತದ ಕಾರಣವೂ ಇದೆ. ರೈಸ್ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿಸಿದರು. ಆಗ ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು. ಅದರ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಬಂದವು. ದಾವಣಗೆರೆ, ಹರಿಹರ ಚಿತ್ರದುರ್ಗದವು. ಅವು ಹನ್ನೊಂದನೆಯ ಸಂಪುಟಕ್ಕೆ ಹೋದವು. ಒಂದೇ ಹೊಳೆಯ ತಲೆ ಒಂದು ಪುಸ್ತಕದಲ್ಲಿ, ಕಾಲು ಇನ್ನೊಂದರಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ಸೀಮೆಗಳು ಒಂದಾದವು, ಓದು ಒಂದಾಗಲಿಲ್ಲ. ಹರಿದ್ರೆಯ ಉದ್ದಕ್ಕೂ ಸಿಗುವ ದಾನಶಾಸನಗಳಲ್ಲಿ ಹೆಂಗಸರ ಹೆಸರು, ಅವರ ತಾಯಂದಿರ ಹೆಸರು, ಅವರು ಬಿಟ್ಟ ಭೂಮಿಯ ಎಲ್ಲೆಕಟ್ಟು ಇವನ್ನಷ್ಟೇ ಆಯ್ದು ಒಂದೆಡೆ ಕೂಡಿಸಿದರೆ ಶಾಂತವ್ವನ ಸುತ್ತಲಿನ ಲೋಕ ಕಣ್ಣಿಗೆ ಕಟ್ಟುತ್ತದೆ.

ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಿದೆ. ಅಲ್ಲಿನ ಸಂಶೋಧನ ವಿದ್ಯಾರ್ಥಿಗಳು ಈ ಕೆಲಸ ಕೈಗೆತ್ತಿಕೊಳ್ಳಬೇಕು. ಚನ್ನಗಿರಿ, ಬಸವಾಪಟ್ಟಣದ ಕಡೆಯಿಂದ ಬಂದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಮನೆ ಮಾಡಿಕೊಂಡಿರುವವರಲ್ಲಿ ಒಂದು ವಿನಂತಿ: ನಿಮ್ಮ ಮನೆಯ ಅಜ್ಜಿ ಸೂಳೆಕೆರೆಯ ಕಥೆ ಹೇಳುತ್ತಿದ್ದರೆ ಅದನ್ನು ತಿದ್ದದೆ, ಆಕೆಯ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಆಕೆಗೆ ಅದನ್ನು ಹೇಳಿದವರು ಯಾರು, ಅವರು ಯಾವ ಊರಿನವರು, ಆಕೆಯ ತಾಯಿಯ ಹೆಸರೇನು, ತಾಯಿಯ ತಾಯಿಯ ಹೆಸರೇನು ಎಂಬುದನ್ನೂ ಅದೇ ಹಾಳೆಯ ಮೇಲೆ ಬರೆಯಿರಿ.