ಕಾಸು, ಕ್ಯಾಶು ಮತ್ತು ಒಂದು ಹಿಡಿ ಬಸಳೆ

ಬ್ಯಾಂಕಿನ ಗುಮಾಸ್ತನಿಗೂ ಶಬ್ದಗಳ ಚರಿತ್ರೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಬಿ.ಎ.ಯಲ್ಲಿ ಓದಿದ ಇತಿಹಾಸವನ್ನು ನಾನು ಪರೀಕ್ಷೆ ಮುಗಿದ ದಿನವೇ ಬಿಟ್ಟಿದ್ದೆ. ಅದು ನನ್ನನ್ನು ಬಿಡದೆ ಮತ್ತೆ ಹಿಡಿದದ್ದು ಕೌಂಟರಿನ ಆಚೆಯಿಂದ, ಪೆನ್ಶನ್ ತೆಗೆಯಲು ಬಂದ ಒಬ್ಬ ಹಿರಿಯರ ರೂಪದಲ್ಲಿ. ಅದಕ್ಕೆ ಕಾರಣವಾದದ್ದು ನಾನು ಮಾಡಿದ ಒಂದು ತಪ್ಪು. ಆ ತಪ್ಪನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ನಮ್ಮೂರ ವಾಚನಾಲಯದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಶಾಲಾ ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ಉಂಟು. ಪ್ರಶ್ನೆ ಕೇಳುವ ಕೆಲಸ ಹಲವು ವರ್ಷಗಳಿಂದ ನನ್ನ ತಲೆಗೇ ಬಿದ್ದಿದೆ. ಆ ಸಲ ಕೊನೆಯ ಸುತ್ತಿನಲ್ಲಿ ಕೇಳಿದೆ: “ಇಂಗ್ಲಿಷಿನ ‘ಕ್ಯಾಶ್’ ಎಂಬ ಶಬ್ದದ ಮೂಲ ಯಾವುದು?” ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್ ಶಬ್ದ ಸರ್” ಎಂದಳು. ನಾನು ತಲೆ ಅಲ್ಲಾಡಿಸಿದೆ. ಪಕ್ಕದ ತಂಡದ ಹುಡುಗ “ನಮ್ಮ ಕಾಸು!” ಎಂದು ಕೂಗಿದ. “ಸರಿ! ಇಂಗ್ಲೆಂಡಿನವರ ಕ್ಯಾಶ್ ನಮ್ಮ ಕಾಸೇ!” ಎಂದು ನಾನೂ ಮೈಕಿನಲ್ಲಿ ಕೂಗಿದೆ. ಸಭೆಯಲ್ಲಿ ದೊಡ್ಡ ಚಪ್ಪಾಳೆ. ಹುಡುಗಿ “ಡಿಕ್ಷನರಿಯಲ್ಲಿ ನೋಡಿದ್ದೆ ಸರ್” ಎಂದು ಮೆಲ್ಲಗೆ ಹೇಳಿದ್ದು ಚಪ್ಪಾಳೆಯಲ್ಲಿ ಮುಳುಗಿತು. ಆ ಒಂದು ಪ್ರಶ್ನೆಯ ಅಂಕದಿಂದ ಅವಳ ತಂಡ ಸೋತಿತು.

ಮುಂದಿನ ತಿಂಗಳ ಮೊದಲ ವಾರ, ಹೈಸ್ಕೂಲಿನಲ್ಲಿ ಮಲಯಾಳ ಕಲಿಸಿ ನಿವೃತ್ತರಾದ ಮಾಷ್ ಎಂದಿನಂತೆ ಪೆನ್ಶನ್ ತೆಗೆಯಲು ಬಂದರು. ರಸಪ್ರಶ್ನೆಯ ದಿನ ಅವರು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ನೋಟು ಎಣಿಸಿ ಕೊಟ್ಟೆ. ಅವರು ಇನ್ನೊಮ್ಮೆ ಎಣಿಸಿ, ಚೀಲಕ್ಕೆ ಹಾಕಿ, ಹಿಂದೆ ಸರತಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, “ಸಾರೇ, ಆ ಮಗು ಹೇಳಿದ್ದು ತಪ್ಪಲ್ಲವಲ್ಲ” ಎಂದರು.

“ಕಾಸು ನಮ್ಮದಲ್ಲವೇ ಮಾಷೇ?” ಎಂದೆ.

“ಕಾಸು ನಮ್ಮದೇ. ಆದರೆ ನೀವು ಕುಳಿತ ಈ ಕೌಂಟರು ಪೆಟ್ಟಿಗೆಯದ್ದು” ಎಂದು ನಕ್ಕು ಹೊರಟುಹೋದರು.

ಆ ರಾತ್ರಿ ದೊಡ್ಡ ನಿಘಂಟನ್ನು ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ‘ಕ್ಯಾಶ್’ ಒಂದಲ್ಲ, ಎರಡು! ಒಂದು, ಲ್ಯಾಟಿನಿನ ‘ಕಾಪ್ಸಾ’ ಎಂದರೆ ಪೆಟ್ಟಿಗೆ. ಅದರಿಂದ ಇಟಾಲಿಯನ್ನಿನ ‘ಕಾಸ್ಸಾ’, ಫ್ರೆಂಚಿನ ‘ಕಾಸ್’ ಹುಟ್ಟಿ, ಹಣದ ಪೆಟ್ಟಿಗೆ ಎಂಬ ಅರ್ಥ ಹೋಗಿ ಪೆಟ್ಟಿಗೆಯೊಳಗಿನ ಹಣ ಎಂಬ ಅರ್ಥ ಬಂತು. ಇಂದು ಜಗತ್ತೆಲ್ಲ ಆಡುವ ಕ್ಯಾಶ್ ಇದೇ. ‘ಕ್ಯಾಶಿಯರ್’ ಕೂಡ ಈ ಪೆಟ್ಟಿಗೆಯ ಕುಟುಂಬದವನೇ. ಎರಡನೆಯ ‘ಕ್ಯಾಶ್’ ಎಂದರೆ ಏಷ್ಯಾದ ಸಣ್ಣ ತಾಮ್ರದ ನಾಣ್ಯ. ಅದು ನಿಜವಾಗಿಯೂ ನಮ್ಮ ಕಾಸು. ತಮಿಳು, ಮಲಯಾಳ, ಕನ್ನಡಗಳ ಕಾಸನ್ನು ಪೋರ್ಚುಗೀಸರು ‘ಕಾಯಿಶಾ’ ಎಂದು ಕರೆದರು. ಅವರ ಭಾಷೆಯಲ್ಲಿ ‘ಕಾಯಿಶಾ’ ಎಂದರೆ ಮೊದಲೇ ಪೆಟ್ಟಿಗೆ ಎಂಬ ಅರ್ಥವಿತ್ತು, ಅದೂ ಲ್ಯಾಟಿನಿನಿಂದಲೇ ಬಂದದ್ದು. ಹೀಗೆ ಎಲ್ಲಿಯದೋ ಪೆಟ್ಟಿಗೆಯೂ ಎಲ್ಲಿಯದೋ ಕಾಸೂ ಒಂದೇ ಉಚ್ಚಾರದಲ್ಲಿ ಬೆರೆತುಹೋದವು. ಚೀನಾದ ನಡುವೆ ಚೌಕ ತೂತಿನ ನಾಣ್ಯಗಳನ್ನೂ ಇಂಗ್ಲಿಷರು ಇದೇ ಎರಡನೆಯ ಹೆಸರಿನಿಂದ ಕರೆದರು.

ಈ ಎರಡನೆಯ ಕ್ಯಾಶ್ ನಮ್ಮ ದಕ್ಷಿಣದಲ್ಲಿ ಬಹಳ ಕಾಲ ಚಲಾವಣೆಯಲ್ಲಿತ್ತು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಲೆಕ್ಕದ ಪ್ರಕಾರ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ. ಎಂದರೆ ಒಂದು ವರಹಕ್ಕೆ 3,360 ಕಾಸು. ಇದನ್ನು ಮನಸ್ಸಿನಲ್ಲೇ ಗುಣಿಸುತ್ತಿದ್ದ ಅಂದಿನ ಗುಮಾಸ್ತರಿಗೆ ನನ್ನ ನಮಸ್ಕಾರ. 1818ರಲ್ಲಿ ಅಲ್ಲಿ ರೂಪಾಯಿಯೇ ಪ್ರಮಾಣವಾದ ಮೇಲೆ ಈ ಲೆಕ್ಕ ಹಿಂದೆ ಸರಿಯಿತು. ತಿರುವಾಂಕೂರಿನಲ್ಲಿ 16 ಕಾಶಿಗೆ ಒಂದು ಚಕ್ರಂ, 28 ಚಕ್ರಕ್ಕೆ ಅಲ್ಲಿನ ಒಂದು ರೂಪಾಯಿ. ಸ್ವಾತಂತ್ರ್ಯ ಬರುವ ಹೊತ್ತಿಗೂ ಅಲ್ಲಿ ಕಾಶು ಅಚ್ಚಾಗುತ್ತಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ಯಾಶ್’ ಎಂದೂ ಕನ್ನಡದಲ್ಲಿ ‘ಕಾಸು’ ಎಂದೂ ಎರಡನ್ನೂ ಅಚ್ಚು ಹಾಕಿದ್ದರು. ಅಂಗೈಯಗಲವೂ ಇಲ್ಲದ ತಾಮ್ರದ ಬಿಲ್ಲೆಯಲ್ಲಿ ತಾಯಿ ಮಗಳನ್ನು ಒಟ್ಟಿಗೆ ಕೂರಿಸಿದ ಹಾಗೆ!

ಇನ್ನೊಂದು ತಮಾಷೆಯೂ ಹೊರಬಿತ್ತು. ನನ್ನ ಕೌಂಟರಿನ ಗಾಜಿನ ಮೇಲೆ ಇಂಗ್ಲಿಷ್, ಹಿಂದಿ, ಮಲಯಾಳದ ಬರಹ ಉಂಟು. ಕನ್ನಡದವರಿಗೆ ಬೇಕೆಂದು ‘ನಗದು’ ಎಂದು ಬರೆದ ಚೀಟಿಯೊಂದನ್ನು ನಾನೇ ಅಭಿಮಾನದಿಂದ ಅಂಟಿಸಿದ್ದೆ. ಆ ನಗದು ಅರಬ್ಬಿಯ ‘ನಕ್ದ್’. ಹಿಂದಿಯ ‘ನಕದ್’ ಅದರ ಒಡಹುಟ್ಟು. ಹಾಗೆಂದು ಚೀಟಿಯನ್ನು ಕಿತ್ತುಹಾಕಲಿಲ್ಲ. ನೂರಾರು ವರ್ಷ ನಮ್ಮ ಮನೆಯಲ್ಲಿ ಉಂಡವರನ್ನು ಇಂದು ಎಬ್ಬಿಸಿ ಕಳಿಸುವುದು ಸರಿಯಲ್ಲ.

ಆದರೆ ಆ ಹುಡುಗಿಯ ಮುಖ ಮನಸ್ಸಿನಿಂದ ಹೋಗಲಿಲ್ಲ. ನಾವು ಗಡಿನಾಡಿನ ಕನ್ನಡಿಗರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟಂದಿನಿಂದ “ನಮ್ಮದು ಏನು, ಎಷ್ಟು” ಎಂದು ಲೆಕ್ಕ ಕೊಡುತ್ತಲೇ ಬಂದವರು. ಹಾಗಾಗಿ ಯಾರಾದರೂ “ಇದು ಮೂಲತಃ ನಿಮ್ಮದೇ” ಎಂದರೆ ಹಿಂದೆ ಮುಂದೆ ನೋಡದೆ ಜಮಾ ಮಾಡಿಕೊಳ್ಳುತ್ತೇವೆ. ನೋಟನ್ನು ಬೆಳಕಿಗೆ ಹಿಡಿದು ನೋಡುವುದೇ ನನ್ನ ಕಸುಬು. ಕ್ಯಾಶ್ ಎಂಬ ಶಬ್ದದ ವಿಷಯದಲ್ಲಿ ಮಾತ್ರ ನೋಡದೆ ತೆಗೆದುಕೊಂಡಿದ್ದೆ. ಅಷ್ಟೇ ಅಲ್ಲ, ನೋಡಿ ಬಂದಿದ್ದ ಒಂದು ಮಗುವನ್ನು ಸೋಲಿಸಿದ್ದೆ.

ಒಂದು ಶನಿವಾರ ರಜೆ ಇದ್ದಾಗ ಅವಳ ಶಾಲೆಗೆ ಹೋದೆ. ಅಂದು ಅಲ್ಲಿ ವಿಶೇಷ ತರಗತಿ ನಡೆಯುತ್ತಿತ್ತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮಕ್ಕಳ ಮುಂದೆಯೇ ಹೇಳಿದೆ: “ಅಂದು ನಿಮ್ಮ ಗೆಳತಿ ಹೇಳಿದ ಉತ್ತರ ಸರಿ. ತಪ್ಪಿದ್ದು ನನ್ನದು.” ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಆಮೇಲೆ ಎದ್ದು ಕೇಳಿದಳು: “ಹಾಗಾದರೆ ನಿಜವಾಗಿ ನಮ್ಮದು ಅಂತ ಹೊರಗೆ ಹೋದ ಶಬ್ದ ಯಾವುದೂ ಇಲ್ವಾ ಸರ್?”

ಆ ಪ್ರಶ್ನೆಗೆ ಅಲ್ಲಿ ನಿಂತು ಉತ್ತರ ಕೊಡಲಾಗಲಿಲ್ಲ. ಮುಂದಿನ ತಿಂಗಳು ಪೆನ್ಶನ್ ದಿನ ಮಾಷನ್ನೇ ಹಿಡಿದೆ. ಸಂಜೆ ಅವರ ಮನೆಗೆ ಹೋಗಿ, ಚಹಾ ಕುಡಿದು, ಇಬ್ಬರೂ ಪುಸ್ತಕ ಹರಡಿಕೊಂಡು ಕುಳಿತೆವು. ಅವರ ಬಳಿ ‘ಹಾಬ್ಸನ್-ಜಾಬ್ಸನ್’ ಇತ್ತು. 1886ರಲ್ಲಿ ಅಚ್ಚಾದ ಈ ವಿಚಿತ್ರ ಹೆಸರಿನ ನಿಘಂಟಿನ ತುಂಬ ಇಂಗ್ಲಿಷಿಗೆ ಸೇರಿದ ನಮ್ಮ ಕಡೆಯ ಶಬ್ದಗಳು. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಬರ್ನೆಲ್ ನ್ಯಾಯಾಧೀಶರಾಗಿದ್ದವರು, ಕಾಸರಗೋಡು ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಮಂಗಳೂರಿನಲ್ಲಿದ್ದು ತುಳುವರ ಭೂತಾರಾಧನೆಯ ಬಗ್ಗೆ ಬರೆದವರು. ನಿಘಂಟು ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡರು.

ಮಾಷ್ ಒಂದೊಂದೇ ಶಬ್ದ ಓದುತ್ತ ಹೋದರು. ‘ಅರೆಕಾ’: ಅವರ ಅಡಕ್ಕ, ನಮ್ಮ ಅಡಿಕೆ. ‘ಕೊಪ್ರಾ’: ಅವರ ಕೊಪ್ಪರ, ನಮ್ಮ ಕೊಬ್ಬರಿ. ‘ಟೀಕ್’: ಅವರ ತೇಕ್ಕು, ನಮ್ಮ ತೇಗ. ‘ಕಾಯರ್’: ತೆಂಗಿನ ನಾರಿನ ಹುರಿಗೆ ಅವರು ಹೇಳುವ ಕಯರ್. ‘ಜ್ಯಾಕ್’: ಅವರ ಚಕ್ಕ, ನಮ್ಮ ಹಲಸು. ‘ಬೀಟಲ್’: ಅವರ ವೆತ್ತಿಲ, ನಮ್ಮ ವೀಳ್ಯದೆಲೆ. ‘ಮ್ಯಾಂಗೋ’: ಅವರ ಮಾಂಙ, ಎಂದರೆ ಮಾವಿನ ಕಾಯಿ. ನಾನು ಪ್ರತಿಯೊಂದಕ್ಕೂ “ಅದು ನಮ್ಮದೂ ಹೌದಲ್ಲ” ಎನ್ನುತ್ತಿದ್ದೆ. ಕೊನೆಗೆ ಅವರು ಕನ್ನಡಕ ತೆಗೆದು ಹೇಳಿದರು: “ಸಾರೇ, ಮಾಲು ಇಬ್ಬರ ತೋಟದ್ದು. ರಶೀದಿ ಮಾತ್ರ ನಮ್ಮ ಹೆಸರಿನಲ್ಲಿ ಆಗಿದೆ.”

ಯೋಚಿಸಿದರೆ ಅದು ಸರಿಯಾದ ಮಾತು. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಬಂದು ಮುಟ್ಟಿದ್ದು ಕೋಝಿಕ್ಕೋಡಿನ ತೀರ. ಪೋರ್ಚುಗೀಸರು ಮೆಣಸು, ಅಡಿಕೆ, ಹುರಿಗಳ ವ್ಯಾಪಾರ ಕಲಿತದ್ದು ಮಲಯಾಳ ಮಾತಾಡುವ ಬಂದರುಗಳಲ್ಲಿ. ಮಾಲಿನೊಡನೆ ಅದರ ಹೆಸರನ್ನೂ ಅಲ್ಲಿಂದಲೇ ಹಡಗಿಗೆ ಏರಿಸಿದರು. ನಮ್ಮ ಬಸರೂರು, ಮಂಗಳೂರು, ಹೊನ್ನಾವರದ ರೇವುಗಳಿಂದ ಅವರು ಮುಖ್ಯವಾಗಿ ಒಯ್ದದ್ದು ಅಕ್ಕಿ. ಆದರೆ ಅಕ್ಕಿಗೆ ಅವರ ಭಾಷೆಯಲ್ಲಿ ಆಗಲೇ ಹೆಸರಿತ್ತು, ಆದ್ದರಿಂದ ಹೆಸರು ಒಯ್ಯಬೇಕಾಗಲಿಲ್ಲ. ಇಂಗ್ಲಿಷಿನ ‘ರೈಸ್’ ಕೂಡ ನಮ್ಮ ಕಡೆಯ ‘ಅರಿಸಿ’ಯಿಂದಲೇ ಬಂದದ್ದು ಎಂದು ಹೇಳುವವರುಂಟು. ಅದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ, ಆದ್ದರಿಂದ ನಾನು ಅದನ್ನು ಖಾತೆಗೆ ಹಾಕುವುದಿಲ್ಲ. ಕನ್ನಡದಿಂದ ಪೋರ್ಚುಗೀಸರು ಒಯ್ದ ದೊಡ್ಡ ಶಬ್ದ ಒಂದೇ: ‘ಕನ್ನಡ’ ಎಂಬುದನ್ನೇ ಅವರು ‘ಕನರಾ’ ಎಂದರು. ಇಂಗ್ಲಿಷರು ಅದನ್ನು ‘ಕೆನರಾ’ ಮಾಡಿದರು. ನನ್ನ ಅಜ್ಜನ ಕಾಲದ ಜಮೀನಿನ ಕಾಗದಗಳಲ್ಲಿ ಆ ಹೆಸರೇ ಇದೆ.

ಶುಂಠಿಯ ಕಥೆ ಎಲ್ಲಕ್ಕಿಂತ ಹಳೆಯದು. ಇಂಗ್ಲಿಷಿನ ‘ಜಿಂಜರ್’ ಲ್ಯಾಟಿನ್, ಗ್ರೀಕ್, ಪ್ರಾಕೃತಗಳ ಮೂಲಕ ಹಿಂದೆ ಹಿಂದೆ ಹೋಗಿ ನಮ್ಮ ದ್ರಾವಿಡದ ‘ಇಂಚಿ’ಗೆ ಬಂದು ನಿಲ್ಲುತ್ತದೆ. ಗ್ರೀಕರ ‘ಜಿಂಗಿಬೆರಿಸ್’ನ ಬಾಲದಲ್ಲಿರುವ ‘ಬೆರ್’ ನಮ್ಮ ‘ಬೇರು’ ಎಂದು ಪಂಡಿತರು ಹೇಳುತ್ತಾರೆ. ಮಲಯಾಳದವರು ಇಂದಿಗೂ ಇಂಚಿ ಎನ್ನುತ್ತಾರೆ. ನಾವು ಮಾತ್ರ ಸಂಸ್ಕೃತದ ಶುಂಠಿಗೆ ಒಗ್ಗಿಕೊಂಡು ಮನೆಯ ಮಾತನ್ನು ನೆರೆಮನೆಯಲ್ಲಿ ಬಿಟ್ಟುಬಂದೆವು.

ಕೊನೆಗೆ ಮಾಷ್ ಒಳಗಿನಿಂದ ದೊಡ್ಡದೊಂದು ಪುಸ್ತಕ ತಂದರು: ‘ಹೊರ್ತೂಸ್ ಮಲಬಾರಿಕೂಸ್’, ಎಂದರೆ ಮಲಬಾರಿನ ತೋಟ. ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡೆ ನಮ್ಮ ಕರಾವಳಿಯ 742 ಗಿಡಮರಗಳ ವಿವರ, ಚಿತ್ರ ಕೂಡಿಸಿ ಮಾಡಿಸಿದ ಲ್ಯಾಟಿನ್ ಗ್ರಂಥ ಇದು. 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಹೊರಬಂತು. ಅದರ ಹಿಂದಿದ್ದ ಜ್ಞಾನ ನಮ್ಮ ಕಡೆಯ ವೈದ್ಯರದ್ದು: ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಅವರೆಲ್ಲ ಕೊಟ್ಟ ಪ್ರಮಾಣಪತ್ರಗಳನ್ನು ಮೊದಲ ಸಂಪುಟದಲ್ಲಿ ಅವರವರ ಲಿಪಿಯಲ್ಲೇ ಅಚ್ಚು ಮಾಡಲಾಗಿದೆ. ಚಿತ್ರಗಳ ಮೇಲೆ ಗಿಡದ ಹೆಸರು ರೋಮನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಉಂಟು. ಕನ್ನಡ ಲಿಪಿ ಇಲ್ಲ. ಲ್ಯಾಟಿನಿನಲ್ಲಿ ಬೀಗ ಹಾಕಿಕೊಂಡಿದ್ದ ಈ ಗ್ರಂಥವನ್ನು ಕೋಝಿಕ್ಕೋಡಿನ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಇಂಗ್ಲಿಷಿಗೂ ಮಲಯಾಳಕ್ಕೂ ತಂದರು. ಇಂಗ್ಲಿಷ್ ಆವೃತ್ತಿ ಬಂದದ್ದು 2003ರಲ್ಲಿ, ಮಲಯಾಳದ್ದು 2008ರಲ್ಲಿ. ಅವರು 2025ರ ಮೊದಲ ದಿನ ತೀರಿಕೊಂಡರು.

ಮಾಷ್ ಪುಟ ತಿರುಗಿಸಿ ಒಂದು ಬಳ್ಳಿಯ ಚಿತ್ರ ತೋರಿಸಿದರು. ದಪ್ಪ ಎಲೆ, ಸಣ್ಣ ಸಣ್ಣ ಕಾಯಿ. ಹೆಸರು ‘ಬಸೆಲ್ಲಾ’.

“ಇದು ಬಸಳೆ!” ಎಂದೆ.

“ನಮ್ಮಲ್ಲಿ ವಶಳಚ್ಚೀರ” ಎಂದರು ಮಾಷ್. “ಆದರೆ ಈ ‘ಬ’ಕಾರ ನೋಡಿದರೆ ನಿಮ್ಮ ಬಾಯಿಗೇ ಹತ್ತಿರ. ಆ ಕೊಂಕಣಿ ಭಟ್ಟರುಗಳೇ ಹೇಳಿದ್ದೋ ಏನೋ.”

ಯಾರು ಹೇಳಿದರೋ, ಬರೆದುಕೊಂಡವನು ಹೇಳಲಿಲ್ಲ. ಆದರೆ ಮುಂದಿನದು ದಾಖಲೆಯಾಗಿ ಉಂಟು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಜಗತ್ತಿನ ಸಸ್ಯಗಳಿಗೆಲ್ಲ ಎರಡೆರಡು ಶಬ್ದದ ಹೆಸರಿಡುವಾಗ ಈ ಬಳ್ಳಿಗೆ ಹೊಸ ಹೆಸರು ಹುಡುಕಲಿಲ್ಲ. ‘ಬಸೆಲ್ಲಾ’ ಎಂಬುದನ್ನೇ ಇಟ್ಟುಕೊಂಡು ‘ಬಸೆಲ್ಲಾ ಆಲ್ಬಾ’, ‘ಬಸೆಲ್ಲಾ ರುಬ್ರಾ’ ಎಂದ. ಅಡಿಕೆ ‘ಅರೆಕಾ ಕಟೆಚು’ ಆದದ್ದೂ ಅದೇ ಗ್ರಂಥದಲ್ಲಿ. ಇಂದು ಜಪಾನಿನಲ್ಲಾಗಲಿ ಬ್ರೆಜಿಲಿನಲ್ಲಾಗಲಿ ಸಸ್ಯಶಾಸ್ತ್ರ ಓದುವ ಹುಡುಗ ನಮ್ಮ ಹಿತ್ತಿಲಿನ ಬಸಳೆಯನ್ನು ಬಸೆಲ್ಲಾ ಎಂದೇ ಬರೆಯಬೇಕು. ಅದು ಕನ್ನಡದ್ದೋ, ತುಳುವಿನದೋ, ಕೊಂಕಣಿಯದೋ, ಮಲಯಾಳದ್ದೋ ಎಂದು ಗಡಿಕಲ್ಲು ಹಾಕಲು ಹೊರಟರೆ ಚಪ್ಪರದ ಮೇಲಿನ ಬಳ್ಳಿಯನ್ನೇ ಕತ್ತರಿಸಬೇಕಾದೀತು.

ಮರುವಾರ ಮತ್ತೆ ಶಾಲೆಗೆ ಹೋದಾಗ ನಮ್ಮ ಚಪ್ಪರದ ಒಂದು ಹಿಡಿ ಬಸಳೆ ಒಯ್ದೆ. ಹುಡುಗಿಯ ಮೇಜಿನ ಮೇಲಿಟ್ಟು, ಅವಳ ಪ್ರಶ್ನೆಗೆ ಉತ್ತರ ಇದು ಎಂದೆ. ಕ್ಯಾಶಿನಿಂದ ಹಿಡಿದು ಬಸೆಲ್ಲಾದ ವರೆಗೆ ಎಲ್ಲ ಹೇಳಿದೆ. ಮಾಲು ಇಬ್ಬರದು, ರಶೀದಿ ಒಬ್ಬರದು ಎಂಬ ಮಾಷಿನ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಪೂರ್ತಿ ಕೇಳಿ, “ಇದನ್ನೂ ಡಿಕ್ಷನರಿಯಲ್ಲಿ ನೋಡಿಕೊಳ್ತೇನೆ ಸರ್” ಎಂದಳು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ.

ಈ ವರ್ಷದ ರಸಪ್ರಶ್ನೆಗೆ ಪ್ರಶ್ನೆಗಳನ್ನು ತಯಾರಿಸುವಾಗ ಮಾಷ್ ನನ್ನ ಪಕ್ಕದಲ್ಲಿ ಕುಳಿತಿದ್ದರು. ಕ್ಯಾಶಿನ ಪ್ರಶ್ನೆ ಮತ್ತೆ ಉಂಟು. ಈ ಸಲ ಅದಕ್ಕೆ ಎರಡು ಉತ್ತರ, ಎರಡಕ್ಕೂ ಅಂಕ.